ಚಿಗುರುವ ಯಕೃತ್ತಿಗೆ ಅವಸರದ ಕಷಾಯ ಬೇಡ

ಮಗನಿಗಾಗಿ ತಮ್ಮ ಯಕೃತ್ತಿನ ಒಂದು ಭಾಗವನ್ನು ದಾನ ಮಾಡಿದ್ದ ರೈತರೊಬ್ಬರು ಶಸ್ತ್ರಚಿಕಿತ್ಸೆಯಾದ ಮೂರನೆಯ ವಾರದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. “ಲಿವರ್ ಬೇಗ ಬೆಳೆಯೋ ಹಾಗೆ ಒಂದು ಕಷಾಯ ಬರೆದುಕೊಡಿ ಡಾಕ್ಟ್ರೇ” ಎಂಬುದು ಅವರ ಬೇಡಿಕೆ. ನಾನು ಕೊಡಲಿಲ್ಲ. ದಶಕಗಳಿಂದ ನೆಲನೆಲ್ಲಿ, ಕಟುಕರೋಹಿಣಿಗಳನ್ನು ಬಳಸುತ್ತಾ ಬಂದ ಆಯುರ್ವೇದ ವೈದ್ಯನೇ ಹೀಗೆ ನಿರಾಕರಿಸಿದ್ದು ಅವರಿಗೆ ಸೋಜಿಗವೆನಿಸಿತು. ಅದರ ಕಾರಣವನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯ.

ಕಳೆದುಕೊಂಡದ್ದನ್ನು ಮರಳಿ ತುಂಬಿಕೊಳ್ಳುವುದರಲ್ಲಿ ಯಕೃತ್ತಿಗೆ ಸಮನಾದ ಅಂಗ ನಮ್ಮೊಡಲಿನಲ್ಲಿ ವಿರಳ. ಇಲಿಯ ಯಕೃತ್ತಿನ ಮೂರನೆಯ ಎರಡು ಭಾಗವನ್ನು ತೆಗೆದರೂ ಉಳಿದದ್ದು ಒಂದೆರಡು ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನ ತೂಕಕ್ಕೆ ಬರುತ್ತದೆ. ಮನುಷ್ಯರಲ್ಲಿ ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕತ್ತರಿಸಿದ ಭಾಗವೇ ಮತ್ತೆ ಮೊಳೆಯುವುದಿಲ್ಲ. ಉಳಿದ ಭಾಗದ ಜೀವಕೋಶಗಳು ಹಿಗ್ಗಿ, ವಿಭಜನೆಗೊಂಡು ಕೊರತೆಯನ್ನು ತುಂಬುತ್ತವೆ. ಸಾಕಷ್ಟು ಬೆಳೆದೊಡನೆ ತಾವಾಗಿಯೇ ನಿಲ್ಲುತ್ತವೆ.

ಈ ಆರಂಭ ಮತ್ತು ನಿಲುಗಡೆಗಳನ್ನು ನಿಯಂತ್ರಿಸುವವುಗಳಲ್ಲಿ ಮೈಕ್ರೋಆರ್‌ಎನ್‌ಎಗಳೂ ಸೇರಿವೆ. ಇವು ಸುಮಾರು 22 ಅಕ್ಷರಗಳಷ್ಟೇ ಉದ್ದದ ತುಣುಕುಗಳು. ಪ್ರೋಟೀನ್ ತಯಾರಿಸಬೇಕೆಂದು ವಂಶವಾಹಿಯಿಂದ ಹೊರಟ ಆದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುವುದು ಇವುಗಳ ಕೆಲಸ. 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಇವು ಮೊದಲು ಕಂಡುಬಂದವು. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿತು. ಯಕೃತ್ತನ್ನು ಕತ್ತರಿಸಿದಾಗ ಮಿರ್-21 ಎಂಬುದು ಹೆಚ್ಚಿ, ವಿಭಜನೆಗೆ ಅಡ್ಡಿಯಾದ ಪ್ರೋಟೀನನ್ನು ತಗ್ಗಿಸುತ್ತದೆಂದು ಇಲಿಗಳ ಅಧ್ಯಯನ ತೋರಿಸಿದೆ. ಬೆಳವಣಿಗೆಯ ಕೊನೆಯ ಹಂತದಲ್ಲಿ ಮಿರ್-34ಎ ಹೆಚ್ಚಿ ವಿಭಜನೆಗೆ ಕಡಿವಾಣ ಹಾಕುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಮಿರ್-21 ಯಕೃತ್ತಿನ ಕ್ಯಾನ್ಸರಿನಲ್ಲಿಯೂ ಅಧಿಕವಾಗಿರುತ್ತದೆ. ಬೆಳವಣಿಗೆಯೆಲ್ಲವೂ ಆರೋಗ್ಯವಲ್ಲ; ಹದ ಮೀರಿದರೆ ಅದೇ ರೋಗ.

ಯಕೃತ್ತು ರಕ್ತವಹ ಸ್ರೋತಸ್ಸಿನ ಮೂಲವೆಂದು ಚರಕ ಸಂಹಿತೆ ಹೇಳುತ್ತದೆ. ಆದರೆ ಮೈಕ್ರೋಆರ್‌ಎನ್‌ಎ ಕೂಡ ಅಲ್ಲಿಯೇ ಇದೆ ಎಂದು ನಮ್ಮವರು ಸಾರುವುದನ್ನು ನಾನು ಒಪ್ಪಲಾರೆ. ಅದರಿಂದ ಶಾಸ್ತ್ರದ ಗೌರವ ಹೆಚ್ಚುವುದಿಲ್ಲ. ಇಷ್ಟು ಸೂಕ್ಷ್ಮವಾದ ತೂಗುವಿಕೆ ನಡೆದಿರುವಾಗ ನಮ್ಮ ಕಷಾಯ ಯಾವ ತಟ್ಟೆಗೆ ಭಾರ ಹಾಕುತ್ತದೆಂದು ಬಲ್ಲದೆ ಕೊಡುವುದು ವೈದ್ಯಧರ್ಮವಲ್ಲ. ಮೂಲಿಕೆಯನ್ನು ಪಚಿಸಬೇಕಾದುದೂ ಗಾಯಗೊಂಡ ಅದೇ ಯಕೃತ್ತು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ಅದನ್ನು ಪರೀಕ್ಷಿಸುವುದು ಸಲ್ಲದು. ಕಸಿ ಪಡೆದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರಂತೂ ಇನ್ನಷ್ಟು ಎಚ್ಚರದಿಂದಿರಬೇಕು.

ಹಾಗಾದರೆ ಆ ರೈತರಿಗೆ ಹೇಳಿದ್ದೇನು? ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕುಡಿದು ಸೊರಗಬೇಡಿ. ಹೊಸ ಕೋಶಗಳಿಗೆ ಪ್ರೋಟೀನ್ ಬೇಕು; ಆಸ್ಪತ್ರೆಯವರು ಹೇಳಿದ ಪ್ರಮಾಣದಲ್ಲಿ ಬೇಳೆ, ಹಾಲು, ಮೊಸರು ಸೇವಿಸಿ. ಮದ್ಯವನ್ನು ಮುಟ್ಟಬೇಡಿ. ರಕ್ತಪರೀಕ್ಷೆ ತಪ್ಪಿಸಬೇಡಿ. ಮೂಲಿಕೆ ಸೇವಿಸುವ ಮನಸ್ಸಾದರೆ ಮೊದಲು ಶಸ್ತ್ರವೈದ್ಯರಿಗೆ ತಿಳಿಸಿ, ಮುಚ್ಚಿಡಬೇಡಿ.

ಯಾವಾಗ ಔಷಧ ಕೊಡಬಾರದೆಂಬುದನ್ನು ಅರಿಯುವುದೂ ವೈದ್ಯವಿದ್ಯೆಯೇ.