ಗಡಸು ಕಡ್ಡಿಯ ಆಯ್ಕೆ

ಘಟಪ್ರಭೆಯ ಕಣಿವೆಯಲ್ಲಿ ಮಸಗುಪ್ಪಿಯಂಥ ಊರುಗಳಿಂದ ಕಬ್ಬಿನ ಗಾಡಿಗಳು ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುವಾಗ, ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ವಸ್ತುವೂ ಅವುಗಳೊಡನೆ ಪ್ರಯಾಣ ಮಾಡುತ್ತದೆ. ಅದು ಮಣ್ಣು. ಕಬ್ಬಿನ ಬುಡಕ್ಕೂ ರವದಿಗೂ ಅಂಟಿ ಬಂದ ಈ ಮಣ್ಣಿನಲ್ಲಿ ಮರಳಿನ ಕಣಗಳಿರುತ್ತವೆ. ಮರಳೆಂದರೆ ಬಹುಮಟ್ಟಿಗೆ ಬೆಣಚುಕಲ್ಲಿನ ಪುಡಿ. ಅದರ ಗಡಸುತನ ವಿಕರ್ಸ್ ಮಾನದಲ್ಲಿ ಸುಮಾರು 1100. ಸಾದಾ ಉಕ್ಕಿನದು 150ರ ಆಸುಪಾಸು. ಇವೆರಡೂ ಉಜ್ಜಾಡಿದರೆ ಸವೆಯುವುದು ಯಾವುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಕಂಬಾರನು ಕಬ್ಬಿಣದ ಕೊಡಲಿಯ ಬಾಯಿಗೆ ಮಾತ್ರ ಉಕ್ಕನ್ನು ಕೂಡಿಸುತ್ತಿದ್ದನು. ಇಂದು ವೆಲ್ಡಿಂಗ್ ಕಡ್ಡಿಯಿಂದ ಗಡಸು ಲೋಹದ ಪದರವನ್ನು ಕರಗಿಸಿ ಹಚ್ಚುವುದು ಅದೇ ಯೋಚನೆಯ ಮುಂದುವರಿಕೆ. ಹಾರ್ಡ್‌ಫೇಸಿಂಗ್ ಎಂದು ಇದರ ಹೆಸರು. ಆದರೆ ಕಡ್ಡಿಯನ್ನು ಕೊಳ್ಳುವಾಗ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಎಲ್ಲಕ್ಕಿಂತ ಗಡಸು ಯಾವುದು?” ಈ ಪ್ರಶ್ನೆಯೇ ತಪ್ಪೆಂದು ನಮ್ಮ ಅಭಿಪ್ರಾಯ. ಮೊದಲು ಕೇಳಬೇಕಾದುದು, ಭಾಗವು ಸವೆಯುವುದು ಹೇಗೆ ಎಂಬುದನ್ನು.

ಗಡಸು ಹೆಚ್ಚಿದಷ್ಟೂ ಸವೆತ ಕಡಿಮೆಯೆಂಬ ಸೂತ್ರವನ್ನು 1953ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಪ್ರಕಟಿಸಿದನು. ಸೂತ್ರವು ಉಪಯುಕ್ತವೇ ಹೌದು. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ರಾಕ್‌ವೆಲ್ ಅಂಕಿಯು ಇಡೀ ಮೇಲ್ಮೈಯ ಸರಾಸರಿ ಮಾತ್ರ. ಮರಳಿನ ಕಣವು ಸರಾಸರಿಯನ್ನು ಸಂಧಿಸುವುದಿಲ್ಲ, ಒಂದೊಂದು ಹರಳನ್ನೇ ಸಂಧಿಸುತ್ತದೆ. ಎರಡು ಪದರಗಳ ಅಂಕಿಯೂ 60 ಎಂದಿರಲಿ. ಒಂದು ಬರಿಯ ಹದಗೊಂಡ ಉಕ್ಕು. ಅದರ ಹರಳುಗಳೆಲ್ಲ ಬೆಣಚಿಗಿಂತ ಮೃದು. ಇನ್ನೊಂದರಲ್ಲಿ ಶೇಕಡಾ 25ರಿಂದ 30ರಷ್ಟು ಕ್ರೋಮಿಯಂ, 4ರಷ್ಟು ಇಂಗಾಲ. ಅದರೊಳಗಿನ ಕಾರ್ಬೈಡ್ ಹರಳುಗಳು 1500ನ್ನು ಮೀರಿ ಬೆಣಚನ್ನೇ ತಡೆಯುತ್ತವೆ. ಅಂಕಿ ಒಂದೇ, ಬಾಳಿಕೆ ಬೇರೆ.

ಹಾಗಾದರೆ ಎಲ್ಲೆಲ್ಲಿಯೂ ಕ್ರೋಮಿಯಂ ಕಡ್ಡಿಯನ್ನೇ ಹಚ್ಚಬಹುದಲ್ಲವೆ? ಕಬ್ಬನ್ನು ಸಿಗಿಯುವ ಸುತ್ತಿಗೆಗಳನ್ನು ನೋಡಿರಿ. ಅಲ್ಲಿ ಉಜ್ಜಾಟದ ಜೊತೆಗೆ ಹೊಡೆತವೂ ಉಂಟು. ಕ್ರೋಮಿಯಂ ಪದರವು ಆರುವಾಗಲೇ ಅಡ್ಡಡ್ಡ ಬಿರಿಯುತ್ತದೆ. ಅದು ದೋಷವಲ್ಲ, ಒಳಗಿನ ಬಿಗುವು ಬಿಡುವ ಬಗೆ. ಆದರೆ ಪದರದ ಮೇಲೆ ಪದರ ಪೇರಿಸಿದರೆ, ಕೆಳಗೆ ಜಿಗುಟಾದ ಲೋಹದ ಹಾಸಿಲ್ಲದಿದ್ದರೆ, ಹೊಡೆತಕ್ಕೆ ಚಕ್ಕೆಯೆದ್ದು ಹಾರೀತು. ಎರಡು ಮೂರು ಪದರಗಳಿಗೆ ನಿಲ್ಲಿಸುವುದು ಲೇಸು. ಬರಿಯ ಹೊಡೆತವೇ ಪ್ರಧಾನವಾದ ಜಲ್ಲಿಯಂತ್ರದ ದವಡೆಗೆ 1882ರಲ್ಲಿ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಮ್ಯಾಂಗನೀಸ್ ಉಕ್ಕಿನ ಜಾತಿಯೇ ಸರಿ. ಪೆಟ್ಟು ಬಿದ್ದಷ್ಟೂ ಅದು ಗಡಸಾಗುತ್ತದೆ. ಪೆಟ್ಟಿಲ್ಲದೆ ಮರಳಿಗೆ ಸಿಕ್ಕಿದರೆ ಸುಮ್ಮನೆ ಸವೆದುಹೋಗುತ್ತದೆ.

ಗಾಣದ ರೋಲರಿನ ಕಥೆಯೇ ಬೇರೆ. ಅದು ಬೀಡು ಕಬ್ಬಿಣದ್ದು. ಅದು ನುಣುಪಾದರೆ ಕಬ್ಬು ಜಾರುತ್ತದೆ, ಒಳಗೆ ಹೋಗುವುದಿಲ್ಲ. ಆದುದರಿಂದ ಗಾಣವು ತಿರುಗುತ್ತಿರುವಾಗಲೇ, ರಸ ಸುರಿಯುತ್ತಿರುವಾಗಲೇ, ಅದರ ಹಲ್ಲುಗಳ ಮೇಲೆ ಲೋಹದ ಹನಿಗಳನ್ನು ಕೂರಿಸಿ ಒರಟುಗೊಳಿಸುತ್ತಾರೆ. ಒದ್ದೆಯ ಮೇಲೂ ಆರದೆ ಉರಿಯುವ, ಬೀಡಿಗೆ ಕಚ್ಚಿಕೊಳ್ಳುವ ಕಡ್ಡಿ ಇಲ್ಲಿ ಬೇಕು. ಗಡಸಿನ ಮಾತು ಆಮೇಲಿನದು.

ನೇಗಿಲ ಕುಳಕ್ಕೆ ಒಂದೇ ಮಗ್ಗುಲಲ್ಲಿ ತೆಳ್ಳಗೆ ಹಚ್ಚಿದರೆ ಸಾಕು. ಇಲಿಯ ಹಲ್ಲಿಗೆ ಗಟ್ಟಿ ಎನಾಮಲ್ ಇರುವುದು ಮುಂಭಾಗದಲ್ಲಿ ಮಾತ್ರ. ಹಿಂಭಾಗ ಬೇಗ ಸವೆಯುವುದರಿಂದ ಅಂಚು ತಾನಾಗಿ ಹರಿತವಾಗುತ್ತಿರುತ್ತದೆ. ಕುಳದಲ್ಲಿಯೂ ಹಾಗೆಯೇ.

ಬೆಲೆಯ ಲೆಕ್ಕದಲ್ಲಿ ಮರೆತುಹೋಗುವ ಒಂದು ಬಾಬು ಬೆಸುಗೆಗಾರನ ಶ್ವಾಸಕೋಶ. 2017ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಕ್ರೋಮಿಯಂ, ಮ್ಯಾಂಗನೀಸ್ ತುಂಬಿದ ಕಡ್ಡಿಗಳ ಹೊಗೆಯಂತೂ ಇನ್ನಷ್ಟು ಕೆಟ್ಟದ್ದು. ಬೇಡದ ಕಡೆ ಇಂಥ ಕಡ್ಡಿಯನ್ನು ಸುಡುವುದು ಹಣದ ನಷ್ಟ ಮಾತ್ರವಲ್ಲ. ಮುಖಕ್ಕೆ ಕಟ್ಟಿದ ಟವೆಲು ಈ ಹೊಗೆಯನ್ನು ತಡೆಯಲಾರದು. ಹೊಗೆ ಎಳೆಯುವ ಪಂಖವೂ ತಕ್ಕ ಮುಸುಕೂ ಬೇಕು.

ಕಡ್ಡಿಯ ಗುಣವನ್ನು ಮಾರುವವರ ಮಾತಿನಿಂದಲೇ ತಿಳಿಯಬೇಕೆಂದಿಲ್ಲ. ಈ ಕೆಲಸ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಂದಲೂ ಆದೀತು. ಒಂದೇ ರೋಟಾವೇಟರಿಗೆ ಎರಡು ಬಗೆಯ ಕಡ್ಡಿ ಹಚ್ಚಿದ ಬ್ಲೇಡುಗಳನ್ನು ತೂಗಿ ತೊಡಿಸಿರಿ. ಹತ್ತೆಕರೆ ಹೊಲ ತಿರುಗಿದ ಮೇಲೆ ಬಿಚ್ಚಿ ಮತ್ತೆ ತೂಗಿರಿ. ತೂಗುವ ಮುನ್ನ ಚೆನ್ನಾಗಿ ತೊಳೆದು ಒಣಗಿಸಲು ಮರೆಯಬೇಡಿ. ನಮ್ಮ ಕಡೆಯ ಎರೆಮಣ್ಣು ಒಂದಿಷ್ಟು ಅಂಟಿಕೊಂಡಿದ್ದರೂ ಸವೆದ ಗ್ರಾಮುಗಳ ಲೆಕ್ಕವನ್ನೆಲ್ಲ ನುಂಗಿಬಿಡುತ್ತದೆ.