ಮಂತ್ರ ನುಡಿಯದ ಮಗುವೂ ಶರಣ



ನಾನು ಭಾಲ್ಕಿ ತಾಲೂಕಿನ ಭಾತಂಬ್ರಾದವನು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿ ದುಡಿದು ನಿವೃತ್ತನಾಗಿದ್ದೇನೆ. ನನ್ನ ಮಗಳ ಮಗನಿಗೆ ಈಗ 11 ವರ್ಷ. ಅವನಿಗೆ ಆಟಿಸಂ ಇದೆ. ಈ ಒಂದು ಮಾತನ್ನು ನಾಲ್ಕು ಜನರ ಮುಂದೆ ಹೇಳಲು ನನಗೆ ಏಳು ವರ್ಷ ಬೇಕಾಯಿತು. ಇನ್ನೊಬ್ಬ ಮುತ್ಯಾನಿಗೆ ಅಷ್ಟು ವರ್ಷ ಬೇಕಾಗಬಾರದು ಎಂದು ಈ ಬರಹ.

ಎರಡು ವರ್ಷದ ಹಿಂದೆ ಅವನನ್ನು ಒಂದು ಸಾಮೂಹಿಕ ಇಷ್ಟಲಿಂಗ ದೀಕ್ಷಾ ಸಮಾರಂಭಕ್ಕೆ ಕರೆದುಕೊಂಡು ಹೋಗಿದ್ದೆವು. ಮಂಟಪದ ನಾಲ್ಕೂ ಮೂಲೆಗೆ ಧ್ವನಿವರ್ಧಕ, ನೂರಾರು ಜನ, ಊದಿನಕಡ್ಡಿಯ ಹೊಗೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಚೀರಿದ. ಮಂತ್ರ ಹೇಳಿಸುವ ಸರದಿ ಬಂದಾಗ ಅವನ ಬಾಯಿಂದ ಒಂದಕ್ಷರವೂ ಬರಲಿಲ್ಲ. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು, "ಮಾಸ್ತರ್, ಬಾಯಾಗ ಮಂತ್ರ ಬರ್ಲಾರದ ಹುಡುಗಗ ದೀಕ್ಷಾ ಹ್ಯಾಂಗ ಕೊಡೋದು? ಅರಾಮ ಆದ ಮ್ಯಾಲ ಕರ್ಕೊಂಡ್ ಬರ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೇ ಇತ್ತು. ಮಗಳು ಹುಡುಗನನ್ನು ತಬ್ಬಿಕೊಂಡು ಹೊರಬಂದಳು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಕೇಳಿದಳು: "ಅಪ್ಪಾ, ಇವ ತೊಟ್ಟಿಲ್ದಾಗ ಇದ್ದಾಗ ಲಿಂಗ ಕಟ್ಟಿದ್ರಲ್ಲ, ಆವಾಗ ಇವನ ಬಾಯಾಗ ಯಾವ ಮಂತ್ರ ಇತ್ತು?"

ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವ ಧರ್ಮ ನಮ್ಮದು. ಕುಲ ಕೇಳದೆ, ಓದು ಕೇಳದೆ, ಗಂಡೋ ಹೆಣ್ಣೋ ಎಂದು ಕೇಳದೆ ಕೊಡುವುದೇ ಇಷ್ಟಲಿಂಗದ ಹೆಚ್ಚುಗಾರಿಕೆ. ಹಾಗಿರುವಾಗ ಮಾತು ಬಂದವರಿಗೆ ಮಾತ್ರ ಎಂಬ ಕಟ್ಟಳೆ ಎಲ್ಲಿಂದ ಬಂತು?

"ಅರಾಮ ಆದ ಮೇಲೆ" ಎಂಬ ಮಾತಿನಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಆಟಿಸಂ ಜ್ವರದ ಹಾಗೆ ಬಂದು ಹೋಗುವ ಬೇನೆಯಲ್ಲ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂದೂ ಹೇಳುತ್ತಾರೆ. ಇದು ಹುಟ್ಟಿನಿಂದಲೇ ಬಂದ ಮಿದುಳಿನ ರೀತಿ. ಸದ್ದು, ಬೆಳಕು, ಮುಟ್ಟುವಿಕೆ, ಮಾತು ಇವೆಲ್ಲ ಅವರಿಗೆ ನಮ್ಮ ಹಾಗೆ ತಟ್ಟುವುದಿಲ್ಲ. ನಮಗೆ ಇಂಪಾದ ಜಾಗಟೆ ಅವರ ಕಿವಿಗೆ ಸುತ್ತಿಗೆ ಏಟಾಗಬಹುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹಿಂಸೆಯಾಗಬಹುದು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದರಲ್ಲಿ ಅವರಿಗೆ ನೆಮ್ಮದಿ ಸಿಗುತ್ತದೆ. ಕೆಲವರು ಚೆನ್ನಾಗಿ ಮಾತಾಡುತ್ತಾರೆ, ನೌಕರಿ ಮಾಡುತ್ತಾರೆ. ಕೆಲವರು ಮಾತೇ ಆಡುವುದಿಲ್ಲ, ಉಣ್ಣಲು ಉಡಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಮಾತಿಲ್ಲ ಎಂದರೆ ತಿಳಿವಳಿಕೆ ಇಲ್ಲ ಎಂದು ಅರ್ಥವಲ್ಲ.

ಅಮೆರಿಕೆಯ ವೈದ್ಯ ಲಿಯೋ ಕ್ಯಾನರ್ ಇಂಥ ಮಕ್ಕಳ ಬಗ್ಗೆ ಬರೆದದ್ದು 1943ರಲ್ಲಿ. ಆಮೇಲೆ ಹಲವು ವರ್ಷ, ತಾಯಿಯ ಮಮತೆ ಸಾಲದೆ ಮಗು ಹೀಗಾಯಿತು ಎಂದು ಅಲ್ಲಿನ ಪಂಡಿತರೇ ತಾಯಂದಿರ ಮೇಲೆ ಹೊರೆ ಹೊರಿಸಿದರು. ಅದು ಸುಳ್ಳೆಂದು ತಿಳಿಯಿತು. 1998ರಲ್ಲಿ ಲಸಿಕೆಯಿಂದ ಹೀಗಾಗುತ್ತದೆ ಎಂಬ ಸಂಶಯ ಹುಟ್ಟಿಸುವ ಬರಹವೊಂದು ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ನಮ್ಮ ಕಡೆ ಪಂಡಿತರು ಬೇಕಾಗಿಲ್ಲ. ಬಸಿರಲ್ಲಿ ಗ್ರಹಣ ನೋಡಿದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟಳು, ಹಿಂದಿನ ಜನ್ಮದ ಕರ್ಮ ಎಂದು ಓಣಿಯೇ ತೀರ್ಪು ಕೊಡುತ್ತದೆ. ಎಲ್ಲ ತೀರ್ಪೂ ತಾಯಿಯ ತಲೆಯ ಮೇಲೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಕಿತ್ತೊಗೆದರು ಎಂದು ನಾವು ಭಾಷಣ ಮಾಡುತ್ತೇವೆ. ಆದರೆ ಇಂಥ ಮಗುವನ್ನು ಹೆತ್ತವಳಿಗೆ ನಾವೇ ಆರನೆಯ ಸೂತಕ ಕಟ್ಟಿದ್ದೇವೆ.

ಬೇರೆಯವರನ್ನು ದೂರುವ ಮೊದಲು ನನ್ನ ತಪ್ಪು ಹೇಳಿಕೊಳ್ಳಬೇಕು. ನಾನು ಹೊಸದಾಗಿ ಮಾಸ್ತರನಾದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾನು "ನಿನ್ನ ಹೆಸರೇನು?" ಎಂದರೆ ಅವನೂ "ನಿನ್ನ ಹೆಸರೇನು?" ಎನ್ನುತ್ತಿದ್ದ. ಕೇಳಿದ್ದನ್ನೇ ತಿರುಗಿ ಹೇಳುತ್ತಿದ್ದ. ಮಾಸ್ತರನನ್ನು ಅಣಕಿಸುತ್ತಾನೆ ಎಂದು ಬೆತ್ತದಿಂದ ಹೊಡೆದೆ. ಒಂದು ದಿನವಲ್ಲ, ಬಹಳ ದಿನ. ನಾಲ್ಕನೆಯ ತರಗತಿಗೆ ಅವನು ಶಾಲೆ ಬಿಟ್ಟ. ಕೇಳಿದ ಮಾತನ್ನೇ ಮರಳಿ ಆಡುವುದು ಆಟಿಸಂ ಇರುವ ಅನೇಕ ಮಕ್ಕಳ ರೀತಿ, ಅದು ಅವರು ನಮ್ಮೊಡನೆ ಮಾತಾಡುವ ಯತ್ನ ಎಂದು ನನಗೆ ತಿಳಿದದ್ದು ಮೊಮ್ಮಗ ಹುಟ್ಟಿದ ಮೇಲೆ. ಆ ಹುಡುಗನಿಗೆ ಏನಿತ್ತು ಎಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಈಗ ಅವನು ನಡುವಯಸ್ಸಿನವನು, ಬೇರೆಯವರ ದನ ಕಾಯುತ್ತಾನೆ. ದೇವಣಿ ತಳಿಯ ಹತ್ತಿಪ್ಪತ್ತು ದನಗಳಲ್ಲಿ ಯಾವುದು ಮೇವು ಬಿಟ್ಟಿದೆ, ಯಾವುದರ ನಡಿಗೆ ಬದಲಾಗಿದೆ ಎಂದು ಮಾಲೀಕನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ ಎಂದು ರೈತರು ಹೇಳುತ್ತಾರೆ. ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣನನ್ನು ನಾವು ಶರಣ ಎನ್ನುತ್ತೇವೆ. ಈ ದನಗಾಹಿಯನ್ನು ಊರು ಏನೆಂದು ಕರೆಯುತ್ತದೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಇನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ "ಇವ ದೇವರ ಮಗ, ಇವಗೇನೂ ಅನಬ್ಯಾಡ್ರಿ" ಎಂದು ಕೈಮುಗಿಯುತ್ತಾರೆ. ಅದೂ ಬೇಡ. ದೇವರೆಂದು ಕೈಮುಗಿದವರು ಪಂಕ್ತಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಳ್ಳುವುದಿಲ್ಲ. ಹುಚ್ಚ ಎಂದು ಹೊರಗಿಟ್ಟರೂ, ದೇವರೆಂದು ಮೇಲಿಟ್ಟರೂ ಹುಡುಗ ಒಂಟಿಯೇ. ಅವನಿಗೆ ಬೇಕಾದದ್ದು ಜೊತೆ.

ಆಟಿಸಂ ಇರುವವರೇ ಬೆಳೆದು ದೊಡ್ಡವರಾಗಿ ಈ ಮಾತು ಹೇಳತೊಡಗಿ ಮೂವತ್ತು ವರ್ಷ ದಾಟಿತು. 1993ರಲ್ಲಿ ಕೆನಡಾದ ಟೊರೊಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್ ತಂದೆ-ತಾಯಿಗಳನ್ನು ಉದ್ದೇಶಿಸಿ ಮಾತಾಡಿದರು. ಸಿಂಕ್ಲೇರ್ ಅವರಿಗೂ ಆಟಿಸಂ ಇದೆ. ನೀವು ಅಂದುಕೊಂಡಿದ್ದ ಮಗು ಬರಲಿಲ್ಲ ಎಂದು ನೀವು ಅಳುವುದು ಸಹಜ, ಆದರೆ ಎದುರಿಗೆ ಕೂತಿರುವ ಮಗುವಿಗಾಗಿ ಅಳಬೇಡಿ, ಅದು ನಿಮಗಾಗಿ ಕಾಯುತ್ತಿದೆ ಎಂಬುದು ಅವರ ಮಾತಿನ ಸಾರ. ಈಗ ಏಪ್ರಿಲ್ 2ನ್ನು ವಿಶ್ವಸಂಸ್ಥೆ ಆಟಿಸಂ ಅರಿವಿನ ದಿನವೆಂದು ಆಚರಿಸುತ್ತದೆ. ಆದರೆ ಆಟಿಸಂ ಇರುವವರು ತಾವಾಗಿ ಆರಿಸಿಕೊಂಡ ದಿನ ಜೂನ್ 18. ಅದು 2005ರಲ್ಲಿ ಶುರುವಾಯಿತು. ಅದನ್ನು ಅವರು ಅಭಿಮಾನದ ದಿನ ಎನ್ನುತ್ತಾರೆ.

"ಇದರಾಗ ಅಭಿಮಾನ ಪಡೋದೇನೈತಿ?" ಎಂದು ನಮ್ಮ ಓಣಿಯ ಗೆಳೆಯರು ಕೇಳಿದರು. ನಾನು ಅವರಿಗೆ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನಪಿಸಿದೆ. ಅಂಬಿಗ, ಮಡಿವಾಳ, ಮಾದಾರ, ಮೇದಾರ ಎಂಬ ಹೆಸರುಗಳನ್ನು ಸಮಾಜ ಹೀಯಾಳಿಸಲು ಬಳಸುತ್ತಿತ್ತು. ಶರಣರು ಆ ಹೆಸರು ಮುಚ್ಚಿಟ್ಟು ದೊಡ್ಡವರಾಗಲಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚನ್ನಯ್ಯ, ಮೇದಾರ ಕೇತಯ್ಯ ಎಂದು ಅದನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ತಲೆಯೆತ್ತಿ ಕೂತರು. ಇನ್ನೊಂದು ಮಾತು. ಅನುಭವ ಮಂಟಪದಲ್ಲಿ ಅಂಬಿಗನ ಪರವಾಗಿ ಬೇರೊಬ್ಬರು ಮಾತಾಡಲಿಲ್ಲ, ಅಂಬಿಗನೇ ಮಾತಾಡಿದ. ಇಂದು ಆಟಿಸಂ ಇರುವವರು ಕೇಳುವುದೂ ಇದನ್ನೇ: ನಮ್ಮನ್ನು ಹೊರಗೆ ಕೂಡಿಸಿ ನಮ್ಮ ಬಗ್ಗೆ ಸಭೆ ಮಾಡಬೇಡಿ.

ಅಭಿಮಾನ ಎಂದರೆ ಕಷ್ಟವೇ ಇಲ್ಲ ಎಂದು ನಟಿಸುವುದಲ್ಲ. ನಮ್ಮ ಹುಡುಗ ಕೆಲವು ರಾತ್ರಿ ನಿದ್ದೆಯನ್ನೇ ಮಾಡುವುದಿಲ್ಲ. ಸಿಟ್ಟು ಬಂದಾಗ ತನ್ನ ತಲೆಯನ್ನೇ ಗೋಡೆಗೆ ಬಡಿದುಕೊಳ್ಳುತ್ತಾನೆ. ಅವನ ತಾಯಿ ಐದು ವರ್ಷದಿಂದ ಒಂದು ಮದುವೆ ಊಟಕ್ಕೂ ಹೋಗಿಲ್ಲ. ಮಾತು ಬರಲೆಂದು ನಾವೂ ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು, ತಾಯತ ಕಟ್ಟಿಸಿದೆವು, ಹೈದರಾಬಾದಿಗೆ ತಿರುಗಿದೆವು. ತರಬೇತಿಯಿಂದ ಅನುಕೂಲವಾಗಿದೆ. ಚಿತ್ರದ ಚೀಟಿ ತೋರಿಸಿ ನೀರು, ರೊಟ್ಟಿ, ಹೊರಗೆ ಎಂದು ಕೇಳುತ್ತಾನೆ. ಆದರೆ ಅವನನ್ನು ಬೇರೆ ಹುಡುಗನನ್ನಾಗಿ ಮಾಡುವ ಆಸೆಯನ್ನು ಬಿಟ್ಟ ದಿನದಿಂದ ಮನೆ ತಂಪಾಯಿತು.

ಅವನ ಕೈಯಲ್ಲಿ ಸದಾ ಒಂದು ಹಗ್ಗದ ತುಂಡು ಇರುತ್ತದೆ. ತಾಸುಗಟ್ಟಲೆ ಹೊಸೆಯುತ್ತಾನೆ, ಬಿಚ್ಚುತ್ತಾನೆ. ಮೊದಲು ಕಸಿದುಕೊಳ್ಳುತ್ತಿದ್ದೆವು. ಈಗ ಇವನು ನಮ್ಮ ಮನೆಯ ನುಲಿಯ ಚಂದಯ್ಯ ಎಂದು ನಗುತ್ತೇವೆ. ಅವನು ಹಗ್ಗ ಮಾಡಿ ಮಾರಬೇಕಾಗಿಲ್ಲ. ಅದು ಅವನ ಮನಸ್ಸಿಗೆ ಸಮಾಧಾನ, ಅಷ್ಟು ಸಾಕು.

ನಮ್ಮ ಭಾಗದ ಮಠಗಳಿಗೆ ಈ ಕೆಲಸ ಹೊಸದಲ್ಲ. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆಳುವವರ ಭಾಷೆ ಮಗುವಿಗೆ ಬರದಿದ್ದರೆ ತಪ್ಪು ಮಗುವಿನದಲ್ಲ, ಮಗುವಿನ ಭಾಷೆಯಲ್ಲಿ ಕಲಿಸಬೇಕು ಎಂದು ಅವರು ಮಾಡಿ ತೋರಿಸಿದರು. ಅದರ ಫಲವಾಗಿ ನಾನು ಇಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಮೊಮ್ಮಗನಿಗೂ ಒಂದು ಭಾಷೆ ಇದೆ. ಅದು ಚಿತ್ರದ್ದು, ಹಗ್ಗದ್ದು, ಕೈ ಹಿಡಿದು ಎಳೆಯುವುದು. ಆ ಭಾಷೆಯನ್ನು ಕಲಿಯುವ ಸರದಿ ಈಗ ನಮ್ಮದು.

ಪೂಜ್ಯರಲ್ಲಿ ಮತ್ತು ಬಸವ ಕೇಂದ್ರಗಳ ಶರಣರಲ್ಲಿ ನನ್ನ ಬಿನ್ನಹ ಇಷ್ಟು. ಮೊದಲನೆಯದು, ತಿಂಗಳಿಗೊಂದು ಭಾನುವಾರ ಮಠದ ಒಂದು ಕೋಣೆಯನ್ನು ಆಟಿಸಂ ಇರುವವರಿಗೆ ಮತ್ತು ಅವರ ಮನೆಯವರಿಗೆ ಬಿಟ್ಟುಕೊಡಿ. ಅಲ್ಲಿ ಮೈಕು ಬೇಡ, ಜಾಗಟೆ ಬೇಡ, ಉಪದೇಶವೂ ಬೇಡ. ಮಗು ಓಡಾಡಲಿ, ಚೀರಲಿ, ಯಾರೂ ತಿರುಗಿ ನೋಡದಿರಲಿ. ತಾಯಂದಿರು ಒಂದು ತಾಸು ಕೂತು ಮಾತಾಡಲಿ. ಭಾಲ್ಕಿ, ಔರಾದ, ಬೀದರದಲ್ಲಿ ಇಂಥ ಮನೆಗಳು ಬಹಳ ಇವೆ. ಬಾಗಿಲು ಹಾಕಿಕೊಂಡಿರುವುದರಿಂದ ಒಬ್ಬರಿಗೊಬ್ಬರು ಗೊತ್ತಿಲ್ಲ, ಅಷ್ಟೆ.

ಎರಡನೆಯದು, ದಾಸೋಹದಲ್ಲಿ ಗದ್ದಲ ಶುರುವಾಗುವ ಮೊದಲು ಇಂಥವರಿಗೆ ಒಂದು ಪಂಕ್ತಿ ಬಡಿಸಿ. ಮೂರನೆಯದು, ಬೆಳೆದವರಿಗೆ ಕಾಯಕ ಕೊಡಿ. ಪುಸ್ತಕ ಜೋಡಿಸುವುದು, ತೊಗರಿ ಆರಿಸುವುದು, ಗಿಡಕ್ಕೆ ನೀರು ಹಾಕುವುದು, ದನ ನೋಡಿಕೊಳ್ಳುವುದು, ಲೆಕ್ಕ ಬರೆಯುವುದು, ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಅವರನ್ನೇ ಕೇಳಿ ಕೊಡಿ, ಅದಕ್ಕೆ ತಕ್ಕ ಕೂಲಿಯನ್ನೂ ಕೊಡಿ. ನಾಲ್ಕನೆಯದು, ಸಂಘಟನೆಯ ಯುವಕರು ಕಾಗದಪತ್ರದ ಕೆಲಸಕ್ಕೆ ನೆರವಾಗಲಿ.

ಈ ಕಾಗದಪತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಸೇರಿಸಿಕೊಂಡಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳಲ್ಲಿ ಆಟಿಸಂ ಅನ್ನೂ ಹೆಸರಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು, ಉನ್ನತ ಶಿಕ್ಷಣದಲ್ಲಿ ವಿಕಲಚೇತನರಿಗೆ ಶೇ. 5 ಸೀಟು ಮೀಸಲು. ಯುಡಿಐಡಿ ಕಾರ್ಡ್ ಮಾಡಿಸಿದರೆ ಇದಕ್ಕೆಲ್ಲ ದಾರಿಯಾಗುತ್ತದೆ. ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಮಗನಿಗೆ 18 ತುಂಬಿದ ಮೇಲೆ ಪಾಲಕರ ನೇಮಕ ಬೇಕಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು. ಹೊಲದಲ್ಲಿ ದುಡಿಯುವ ತಾಯಿಗೆ ಇದನ್ನೆಲ್ಲ ಯಾರು ಹೇಳಬೇಕು? ಒಂದು ಅರ್ಜಿ ತುಂಬಿಸಿಕೊಡುವುದೂ ದಾಸೋಹವೇ.

ಕೊನೆಗೆ, ಎಲ್ಲ ತಂದೆ-ತಾಯಿಗಳ ಎದೆಯಲ್ಲಿರುವ ಪ್ರಶ್ನೆ: ನಾವು ಹೋದ ಮೇಲೆ ಇವನಿಗೆ ಯಾರು? ಸರ್ಕಾರದ ಯೋಜನೆಗಳು ಒಂದು ಮಟ್ಟಕ್ಕೆ ಮಾತ್ರ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಪ್ರಸಾದ ನಿಲಯಗಳು ನಮ್ಮಲ್ಲಿವೆ. ಅದೇ ಕೈಗಳು ಹತ್ತು ಜನ ಆಟಿಸಂ ಇರುವ ದೊಡ್ಡವರು ತಮ್ಮ ರೀತಿಯಲ್ಲಿ ಬಾಳುವ ಒಂದು ಚಿಕ್ಕ ಮನೆ ಕಟ್ಟಲಾರವೇ?

ನಮ್ಮ ಹುಡುಗನ ದೀಕ್ಷೆ ಆಯಿತು. ಒಬ್ಬ ಅಪ್ಪಾವರು ಸುದ್ದಿ ಕೇಳಿ ಒಂದು ಬೆಳಗಿನ ಜಾವ ತಾವಾಗಿ ಮನೆಗೆ ಬಂದರು. ಮೈಕಿಲ್ಲ, ಜನರಿಲ್ಲ. ಲಿಂಗವನ್ನು ಅವನ ಅಂಗೈಯಲ್ಲಿಟ್ಟು ಸುಮ್ಮನೆ ಎದುರಿಗೆ ಕೂತರು. ಹುಡುಗ ಬಹಳ ಹೊತ್ತು ಅದನ್ನೇ ನೋಡಿದ, ಆಮೇಲೆ ತಂಪಾಗಿದೆಯೆಂದು ಕೆನ್ನೆಗೆ ಒತ್ತಿಕೊಂಡ. ಹೊಸ ಶಿವದಾರ ಅವನ ಕುತ್ತಿಗೆಗೆ ಚುಚ್ಚುತ್ತಿತ್ತು, ಕಿತ್ತು ಹಾಕುತ್ತಿದ್ದ. ಅವನ ಅಜ್ಜಿ ಅದನ್ನು ಹತ್ತು ಸಲ ತೊಳೆದು ಮೆತ್ತಗೆ ಮಾಡಿದಳು, ಬೆಳ್ಳಿಯ ಕರಡಿಗೆ ತೆಗೆದು ನನ್ನ ಹಳೆಯ ಧೋತರದ ಬಟ್ಟೆಯಲ್ಲಿ ಲಿಂಗ ಕಟ್ಟಿಕೊಟ್ಟಳು. ಈಗ ಅವನು ಅದನ್ನು ಕೀಳುವುದಿಲ್ಲ. ಬದಲಾಗಬೇಕಾದದ್ದು ದಾರ, ಹುಡುಗನಲ್ಲ. ಮಠದ ಅಂಗಳದಲ್ಲೂ ಅಷ್ಟೇ ಮಾಡಿದರೆ ಸಾಕು.

ಬರುವ ಬಸವ ಜಯಂತಿಗೆ ನಾನು ಮೊಮ್ಮಗನನ್ನು ಕರೆದುಕೊಂಡು ಬರುತ್ತೇನೆ. ದನ ಕಾಯುವ ನನ್ನ ಹಳೆಯ ವಿದ್ಯಾರ್ಥಿಯನ್ನೂ ಕರೆಯುತ್ತೇನೆ, ಬರುವುದು ಬಿಡುವುದು ಅವನಿಗೆ ಸೇರಿದ್ದು. ನಿಮ್ಮ ಮನೆಯಲ್ಲಿ ಒಳಗಿಟ್ಟ ಮಗುವಿದ್ದರೆ ನೀವೂ ಕರೆತನ್ನಿ. ಒಟ್ಟಿಗೆ ಕೂಡೋಣ.