ಫಳಫಳ ಡಯಲಿಗೆ ಮರುಳಾಗಬೇಡಿ

ಮುಂಬೈನ ಹಳೇ ವಾಚಿನ ಅಂಗಡಿಗಳಲ್ಲಿ 1970-80ರ ದಶಕದ ಸೀಕೋ 5 ವಾಚುಗಳು ಫಳಫಳ ಹೊಳೀತಿರ್ತವೆ ನೋಡಿ. ಬಹಳಷ್ಟಕ್ಕೆ ಇಲ್ಲೇ ಹೊಸ ಬಣ್ಣ ಬಳಿದಿರ್ತಾರೆ. ಹೊರದೇಶದ ಸಂಗ್ರಾಹಕರು ಇವನ್ನ 'ಮುಂಬೈ ಸ್ಪೆಷಲ್' ಅಂತ ಗೇಲಿ ಮಾಡೋದೂ ಉಂಟು. ನನ್ನ ಕೇಳಿದರೆ, ಮಾಸಿದ್ದರೂ ಅಸಲಿ ಡಯಲೇ ಮೇಲು. ವಾಚಿನ ವಯಸ್ಸು ಇರೋದೇ ಅದರಲ್ಲಿ.

ದಿನಾ ಕಟ್ಟೋಕೆ ಹೊಳಪೇ ಬೇಕಾ? 2019ರಲ್ಲಿ ಬಂದ ಹೊಸ 5 ಸ್ಪೋರ್ಟ್ಸ್ ತಗೊಳ್ಳಿ. ಅದರ 4ಆರ್36 ಯಂತ್ರಕ್ಕೆ ಕೀ ಕೊಡಬಹುದು, ಕೀ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತೆ. ಹಳೇ 7009ರಲ್ಲಿ ಎರಡೂ ಇಲ್ಲ.

ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ವಾಚು ಶುರು ಮಾಡಿದ್ದೂ ಜಪಾನಿನ ಸಿಟಿಜನ್ ಸಹಯೋಗದಲ್ಲೇ. ಊರಲ್ಲಿ ಅಪ್ಪನ ಜನತಾ ಇದ್ದರೆ ಎಣ್ಣೆ ಹಾಕಿಸಿ, ಓಡಿಸಿ. ಡಯಲಿಗೆ ಮಾತ್ರ ಬಣ್ಣ ಹೊಡೆಸಬೇಡಿ, ದಮ್ಮಯ್ಯ!